ಆಯ್ತು ಬಿಡಿ

ನಮ್ಮತ್ತೆಯ ಬಾಯಲ್ಲಿ ದಿನಕ್ಕೆ ಎಷ್ಟು ಸಲ 'ಬಿಡು' ಬರುತ್ತಿತ್ತೋ ಲೆಕ್ಕ ಇಟ್ಟವರಿಲ್ಲ. ಹಾಲಿನವನು ನೀರು ಬೆರೆಸಿದರೆ 'ಹೋಗ್ಲಿ ಬಿಡು'. ಪಕ್ಕದ ಮನೆಯವರು ಕಸ ಗುಡಿಸಿ ನಮ್ಮ ಬಾಗಿಲಿಗೆ ತಳ್ಳಿದರೆ 'ಅವರ ಬುದ್ಧಿನೇ ಅಷ್ಟು, ಬಿಡು'. ನಾನು ಸಿಟ್ಟಿಗೆ ಪಾತ್ರೆ ಕುಕ್ಕಿದರೆ 'ಆಯ್ತು ಬಿಡಮ್ಮ, ಪಾಪ ಪಾತ್ರೆ ಏನು ಮಾಡಿತ್ತು'. ಬಗ್ಗಿದವರಿಗೆ ಒಂದು ಗುದ್ದು ಹೆಚ್ಚು ಅತ್ತೆ ಎಂದು ನಾನು ಹೇಳಿ ಹೇಳಿ ಸೋತಿದ್ದೆ. ಅದಕ್ಕೂ ಅವರ ಉತ್ತರ ಒಂದೇ: 'ಗುದ್ದೋರು ಗುದ್ದಲಿ ಬಿಡು, ಅವರ ಕೈಯೇ ನೋಯೋದು.'

ನನ್ನದು ಅತ್ತೆಯ ಸ್ವಭಾವವಲ್ಲ. ನಾನು ಬಸ್ ನಿಲ್ದಾಣದಲ್ಲಿ 'ವಿಚಾರಣೆ' ಎಂದು ಬೋರ್ಡು ತಗುಲಿಸಿದ ಕಿಟಕಿಯ ಹಿಂದೆ ಕೂರುವವಳು. ದಿನವಿಡೀ ಜನ ಕೇಳುತ್ತಾರೆ, ನಾನು ಹೇಳುತ್ತೇನೆ. ಹೇಳಿದ್ದನ್ನೇ ಮತ್ತೆ ಕೇಳಿದರೆ ದನಿ ಏರುತ್ತದೆ. ಮನೆಯಲ್ಲಿ ನನಗೆ 'ಮೈಕು' ಅಂತಲೇ ಹೆಸರು. ಆ ಹೆಸರಿಟ್ಟ ಗಂಡ ಲಾರಿ ಓಡಿಸುತ್ತಾನೆ, ತಿಂಗಳಲ್ಲಿ ಹೆಚ್ಚು ದಿನ ರಸ್ತೆಯ ಮೇಲೇ ಇರುತ್ತಾನೆ. ಹಾಗಾಗಿ ಮನೆಯಲ್ಲಿ ಇರುವವರು ಮೂರೇ ಜನ: ಅತ್ತೆ, ಮಾವ, ನಾನು.

ಮಾವ ಬೆತ್ತದ ಕುರ್ಚಿ ಹೆಣೆಯುವವರು. ಅವರ ಕಣ್ಣು ಮಂಜಾಗುತ್ತ ಮಂಜಾಗುತ್ತ ಕೊನೆಗೆ ಪೂರ್ತಿ ಹೋಯಿತು. ಆದರೆ ಕೈ ಹೋಗಲಿಲ್ಲ. ಈಗಲೂ ಮುಂದಿನ ಕೋಣೆಯಲ್ಲಿ ಮೋಟು ಮಣೆಯ ಮೇಲೆ ಕೂತು, ಪಕ್ಕದ ಬಕೆಟ್ಟಿನಲ್ಲಿ ನೆನೆಸಿಟ್ಟ ಬೆತ್ತದ ಎಳೆ ಒಂದೊಂದಾಗಿ ತೆಗೆದು ಹೆಣೆಯುತ್ತಾರೆ. ಎಳೆ ಒಣಗಿದ್ದರೆ ಬೆರಳಿಗೆ ತಿಳಿಯುತ್ತದೆ, ಮತ್ತೆ ನೀರಿಗೆ ಹಾಕುತ್ತಾರೆ.

ಒಂದು ಮಾತು ಹೇಳುತ್ತೇನೆ, ಇದನ್ನು ಬಿಟ್ಟರೆ ಮಿಕ್ಕಿದ್ದು ಯಾವುದೂ ಅರ್ಥವಾಗುವುದಿಲ್ಲ. ಈ ಮನೆಯೊಳಗೆ ನಮ್ಮ ಮಾವ ಕುರುಡರಲ್ಲ. ಹಾಸಿಗೆಯಿಂದ ಎದ್ದು ಬಲಗೈ ಗೋಡೆಗೆ ತಾಗಿಸಿದರೆ ಸಾಕು, ಅಡುಗೆಮನೆಗೆ ಬರುತ್ತಾರೆ, ಹೊಸ್ತಿಲು ಎತ್ತರವಾದ ಕಡೆ ಕಾಲೆತ್ತಿಡುತ್ತಾರೆ, ನಲ್ಲಿ ತಿರುಗಿಸಿ ಮುಖ ತೊಳೆಯುತ್ತಾರೆ. ಅವರ ಅಂಗೈ ಓಡಾಡುವ ಎತ್ತರದಲ್ಲಿ ಗೋಡೆಯ ಸುಣ್ಣ ಸವೆದು ಹೊಳಪು ಬಂದಿದೆ. ಬೆಳಿಗ್ಗೆ ಬಾಗಿಲು ತೆಗೆದು ಮೆಟ್ಟಿಲಿಳಿದು ಬೀದಿಯ ಅಂಚಿನಲ್ಲಿ ಬಿಸಿಲಿಗೆ ನಿಲ್ಲುತ್ತಾರೆ, ಹೋಗಿಬರುವವರ ಹೆಜ್ಜೆ ಸದ್ದಿನಲ್ಲೇ ಗುರುತು ಹಿಡಿದು ಮಾತಾಡಿಸುತ್ತಾರೆ. ಬೇರೆ ಮನೆಗೆ ಕರೆದುಕೊಂಡು ಹೋದ ದಿನ ಅವರಿಗೆ ಎರಡನೇ ಸಲ ಕಣ್ಣು ಹೋಗುತ್ತದೆ. ಈ ವಯಸ್ಸಿನಲ್ಲಿ ಇನ್ನೊಂದು ಮನೆಯನ್ನು ಅಂಗೈಯಲ್ಲಿ ಕಲಿಯಲು ಅವರಿಂದಾಗದು.

ಹಳೇ ಓನರ್ ಇದನ್ನು ಬಲ್ಲವರು. 'ನೀನಿರೋ ತನಕ ಈ ಮನೆ ನಿಂದೇ ಅಂದ್ಕೊ' ಎಂದು ಮಾವನ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದರಂತೆ. ಅವರು ಹೋದರು, ಮಾತೂ ಅವರ ಹಿಂದೆಯೇ ಹೋಯಿತು. ಮಗ ಬಂದ. ನಾವು ಅವನನ್ನು ಚಿಕ್ಕ ಓನರ್ ಎನ್ನುತ್ತೇವೆ. ಹುಡುಗನಾಗಿದ್ದಾಗ ಮಾವನ ಕೈಯಲ್ಲಿ ಬೆತ್ತದ ಚೂರಿನ ಬಿಲ್ಲು ಮಾಡಿಸಿಕೊಂಡು ನಮ್ಮ ಮುಂದಿನ ಕೋಣೆಯಲ್ಲೇ ಆಡಿ ಬೆಳೆದವನು. ಬಂದವನೇ ಬಾಡಿಗೆ ತಗೊಳ್ಳುವುದನ್ನು ನಿಲ್ಲಿಸಿ, 'ಮನೆ ನನ್ನ ಸ್ವಂತ ವಾಸಕ್ಕೆ ಬೇಕು' ಎಂದು ಕೇಸು ಹಾಕಿದ. ಅವನಿಗೆ ಎರಡು ಅಂತಸ್ತಿನ ಮನೆಯಿದೆ. ನಮ್ಮದನ್ನು ಕೆಡವಿ ಅಂಗಡಿಸಾಲು ಕಟ್ಟಿಸುತ್ತಾನೆಂದು ಬೀದಿಗೆಲ್ಲ ಗೊತ್ತು. ನಮ್ಮ ನಲ್ಲಿಯಲ್ಲಿ ನೀರು ಹಿಡಿದು ಸ್ನಾನ ಮಾಡಲು ಅವನು ಬರುತ್ತಾನಂತೆ, ನಂಬಬೇಕು.

ಬಾಡಿಗೆ ಕರಾರು ಅತ್ತೆಯ ಹೆಸರಿನಲ್ಲಿತ್ತು, ಆದ್ದರಿಂದ ಕೋರ್ಟಿನಲ್ಲಿ ಕಟಕಟೆ ಹತ್ತಿದವರು ಅತ್ತೆ. ನಮ್ಮ ಪರ ಒಬ್ಬ ವಕೀಲರಿದ್ದರು. ಯಾವಾಗ ಫೋನ್ ಮಾಡಿದರೂ 'ಬಂದೆ, ಬಂದೆ' ಅನ್ನುವರು, ಬರುವುದು ಮಾತ್ರ ಅವರ ಜಾತಕದಲ್ಲೇ ಇರಲಿಲ್ಲ. ನಾನು ಅವರಿಗೆ 'ಬಂದೆ ವಕೀಲರು' ಎಂದೇ ಹೆಸರಿಟ್ಟಿದ್ದೆ. ಆ ದಿನವೂ ಅವರು ವರಾಂಡದಲ್ಲಿ ಫೋನಿಗೆ 'ಬಂದೆ, ಬಂದೆ' ಅನ್ನುತ್ತಿದ್ದರು. ಒಳಗೆ ಚಿಕ್ಕ ಓನರಿನ ವಕೀಲ ಅತ್ತೆಯನ್ನು ಹಿಂಡುತ್ತಿದ್ದ. ನಾನು ಹಿಂದಿನ ಬೆಂಚಿನಲ್ಲಿ ಕೂತು ಕೇಳುತ್ತಿದ್ದೆ.

'ಇಷ್ಟು ದೊಡ್ಡ ಊರಲ್ಲಿ ನಿಮಗೆ ಬೇರೆ ಮನೆ ಸಿಗಲ್ವಾ?'

'ಸಿಗುತ್ತೆ. ಆದ್ರೆ ನಮ್ಮ ಮನೆಯವರಿಗೆ...'

'ಕೇಳಿದ್ದಕ್ಕೆ ಮಾತ್ರ ಹೇಳಿ. ಹಳೇ ಓನರ್ ಮಾತು ಕೊಟ್ಟಿದ್ರು ಅಂತೀರಿ. ಸಾಕ್ಷಿ ಇದೆಯಾ?'

'ಅವರು ನಮ್ಮ ಮನೇಲೇ ಕೂತು...'

'ಸತ್ತೋರ ಹೆಸರು ಹೇಳ್ಕೊಂಡು ಸುಳ್ಳು ಹೇಳ್ತೀರಾ? ಈ ವಯಸ್ಸಲ್ಲಿ? ಮನೆ ಬಿಡ್ತೀರೋ ಇಲ್ವೋ, ಒಂದು ಮಾತಲ್ಲಿ ಹೇಳಿ!'

ಅತ್ತೆಯ ಮುಖ ಸಣ್ಣದಾಯಿತು. ಬದುಕಿನಲ್ಲಿ ಯಾರೂ ಅವರನ್ನು ಸುಳ್ಳುಗಾತಿ ಅಂದವರಿಲ್ಲ. ಅವರು ಕಟಕಟೆಯ ಮರ ಹಿಡಿದುಕೊಂಡು ಮೆಲ್ಲಗೆ ಹೇಳಿದರು: 'ಆಯ್ತು ಬಿಡಿ.'

ನನ್ನ ಕಿವಿಯಾರೆ ಕೇಳಿದೆ. ಆ ಮಾತು ನನಗೆ ಅಷ್ಟು ಪಳಗಿತ್ತೆಂದರೆ, ಅದರಲ್ಲಿ ಒಂದು ಮನೆಯೇ ಮುಳುಗಬಹುದು ಎಂದು ಹೊಳೆಯಲೇ ಇಲ್ಲ. ಅತ್ತೆ ಇಳಿದು ಬಂದರು, ನಾನು ಅವರ ಕೈಹಿಡಿದು ಹೊರಗೆ ಕರೆದುಕೊಂಡು ಹೋಗಿ ನೀರು ಕುಡಿಸಿದೆ. ನಮ್ಮ ಬೆನ್ನ ಹಿಂದೆ ಆ ವಕೀಲ ನ್ಯಾಯಾಧೀಶರಿಗೆ ಏನೋ ಹೇಳಿದ, ಅವರು ಟೈಪಿಸ್ಟಿಗೆ ಏನೋ ಹೇಳಿದರು.

ಆ 'ಏನೋ' ಏನೆಂದು ತೀರ್ಪು ಬಂದಾಗ ತಿಳಿಯಿತು. 'ಪ್ರತಿವಾದಿಯು ಮನೆಯನ್ನು ಬಿಡುವುದಾಗಿ ಸ್ವಇಚ್ಛೆಯಿಂದ ಒಪ್ಪಿಕೊಂಡಿರುತ್ತಾರೆ.' ಆದ್ದರಿಂದ ಮನೆ ಖಾಲಿ ಮಾಡತಕ್ಕದ್ದು.

ನಾನು ಓದಿದೆ. ಅತ್ತೆ ಮತ್ತೊಮ್ಮೆ ಓದು ಎಂದರು, ಮತ್ತೊಮ್ಮೆ ಓದಿದೆ. 'ನಾನು ಯಾವಾಗ ಒಪ್ಕೊಂಡೆ?' ಎಂದರು ಅತ್ತೆ. ಮಾವನ ಕೈಯಲ್ಲಿದ್ದ ಬೆತ್ತದ ಎಳೆ ನಿಂತಿತು.

'ಆಯ್ತು ಬಿಡಿ ಅಂದ್ರಲ್ಲ ಅತ್ತೆ,' ಎಂದೆ. 'ಅದನ್ನೇ ಹಿಡ್ಕೊಂಡಿದಾರೆ, ಕಳ್ಳರು.'

'ಅಯ್ಯೋ, ಅದು ಸುಮ್ನಿರಿ ಅಂತ ಹೇಳಿದ್ದು ಕಣೇ! ಸಾಕು ಮಾಡಿ ಅಂತ!'

ಅದು ಹಾಲು ಕುಡಿಯುವ ಮಗುವಿಗೂ ಗೊತ್ತು. ಮಾತು ಬೇಡವೆನಿಸಿದಾಗ, ಎದುರಿಗಿರುವವನ ಬಾಯಿ ಮುಚ್ಚಿಸಲಾಗದಾಗ, ನೋವು ನುಂಗಿಕೊಂಡಾಗ ನಾವೆಲ್ಲರೂ ಆಡುವ ಮಾತು ಅದು. ಅಷ್ಟೊಂದು ಓದಿದವರಿಗೆ ಅದು ಗೊತ್ತಿರಲಿಲ್ಲ ಎಂದರೆ ನಾನು ನಂಬುವುದಿಲ್ಲ. ಗೊತ್ತಿತ್ತು. ಬೇಕಿರಲಿಲ್ಲ, ಅಷ್ಟೆ. ನನ್ನ ಕಿಟಕಿಯ ಮೇಲೂ 'ವಿಚಾರಣೆ' ಎಂದಿದೆ, ಅವರು ಕೋರ್ಟಿನಲ್ಲಿ ಮಾಡುವುದಕ್ಕೂ 'ವಿಚಾರಣೆ' ಎಂದೇ ಹೆಸರು. ನಾನು ಎಷ್ಟೇ ಸಿಡುಕಿಯಾದರೂ, ಒಂದು ಊರಿನ ಬಸ್ಸು ಕೇಳಿದವರನ್ನು ಇನ್ನೊಂದು ಊರಿನ ಬಸ್ಸಿಗೆ ಹತ್ತಿಸಿಲ್ಲ.

ಬಂದೆ ವಕೀಲರು ಕೈಚೆಲ್ಲಿದರು. 'ನೀವೇ ಒಪ್ಪಿದ ಮೇಲೆ ಅಪೀಲು ನಿಲ್ಲಲ್ಲಮ್ಮ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.' ಗಾದೆ ಹೇಳಲು ಮಾತ್ರ ಸರಿಯಾದ ಸಮಯಕ್ಕೆ ಬಂದಿದ್ದರು ಮಹಾರಾಯರು. ರಸ್ತೆಯಿಂದ ಫೋನ್ ಮಾಡಿದ ನನ್ನ ಗಂಡನೂ ಗಾದೆಯನ್ನೇ ಹೇಳಿದ: 'ಕೋರ್ಟಿಗೆ ಹೋದ್ರೆ ಗೆದ್ದವನು ಸೋತ, ಸೋತವನು ಸತ್ತ. ಬೇರೆ ಮನೆ ನೋಡೋಣ.' 'ನಿಮ್ಮಪ್ಪನಿಗೆ ನೀನೇ ಹೇಳು,' ಎಂದು ಫೋನನ್ನು ಮಾವನ ಕೈಗೆ ಕೊಟ್ಟೆ. 'ಲಾರಿ ಹೊರಟಿತು ಅಪ್ಪ, ಆಮೇಲೆ ಮಾಡ್ತೀನಿ,' ಎಂದು ಅವನು ಫೋನಿಟ್ಟ.

ನಮ್ಮ ನಿಲ್ದಾಣಕ್ಕೆ ದಿನಾ ಬಸ್ಸಿಗೆ ಬರುವ ಒಬ್ಬ ವಕೀಲಮ್ಮ ಇದ್ದರು. ಬಸ್ಸು ತಡವಾದರೆ ನನ್ನ ಜೊತೆ ಜಗಳಕ್ಕೆ ನಿಲ್ಲುವರು, ನಾನೂ ಬಿಡುತ್ತಿರಲಿಲ್ಲ. ಜಗಳವಾಡಲು ಬರುವ ವಕೀಲರೇ ನಮಗೆ ಬೇಕಿದ್ದದ್ದು. ಕಿಟಕಿಯಿಂದ ಕೂಗಿ ಕರೆದೆ. ಅವರು ನಿಂತಲ್ಲೇ ತೀರ್ಪು ಓದಿದರು.

'ಒಪ್ಪಿ ಆದ ತೀರ್ಪಿನ ಮೇಲೆ ಅಪೀಲು ನಿಲ್ಲಲ್ಲ, ನಿಜ. ಆದ್ರೆ ಒಪ್ಪಿಗೇನೇ ಇರಲಿಲ್ಲ ಅಂತ ಕೇಳೋಕೆ ಬಾಗಿಲು ತೆಗೆದಿದೆ. ಬರೆಸಿದ್ದನ್ನ ನಿಮ್ಮತ್ತೆಗೆ ಓದಿ ಹೇಳಿದ್ರಾ? ಸಹಿ ತಗೊಂಡ್ರಾ?'

'ಎರಡೂ ಇಲ್ಲ.'

'ಹಾಗಾದ್ರೆ ಇವತ್ತೇ ತೀರ್ಪಿನ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಅಪೀಲಿಗೆ ಗಡುವು ಇರುತ್ತೆ, ದಾಟಿದ್ರೆ ಯಾಕೆ ದಾಟಿತು ಅಂತ ಗೋಗರೀಬೇಕು. ಇನ್ನೊಂದು, ಸರಿಯಾಗಿ ಕೇಳಿಸ್ಕೊಳ್ಳಿ. ಅಪೀಲು ಹಾಕಿದ ಮಾತ್ರಕ್ಕೆ ನಿಮ್ಮನ್ನ ಹೊರಗೆ ಹಾಕೋದು ನಿಲ್ಲಲ್ಲ. ಅದಕ್ಕೆ ತಡೆಯಾಜ್ಞೆ ಬೇರೆ ಕೇಳಬೇಕು. ಓನರ್ ಬಾಡಿಗೆ ತಗೊಳ್ದಿದ್ರೆ ಕೋರ್ಟಿಗೆ ಕಟ್ಟಿ, ಒಂದು ತಿಂಗಳೂ ತಪ್ಪಿಸಬೇಡಿ. ಬಾಡಿಗೆ ಕೊಡದೋರು ಅನ್ನೋ ಮಾತು ಅವರ ಬಾಯಿಗೆ ಸಿಗಬಾರದು.'

ಅವರ ಬಸ್ಸು ಬಂತು. ಮೆಟ್ಟಿಲ ಮೇಲೆ ನಿಂತು, 'ಇವತ್ತೇ!' ಎಂದು ಕೂಗಿದರು. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎಂದು ನಾನು ಅರ್ಧ ದಿನ ರಜೆ ಬರೆದುಕೊಟ್ಟು ಹೋದೆ.

ಅಪೀಲು ಹಾಕಿದೆವು, ತಡೆಯಾಜ್ಞೆಗೂ ಕೇಳಿಕೊಂಡೆವು. ಆದರೆ ತಡೆಯಾಜ್ಞೆ ಸಿಗುವ ಮೊದಲೇ ಚಿಕ್ಕ ಓನರ್ ತನ್ನ ಕೈಚಳಕ ತೋರಿಸಿದ. ಒಂದು ಮಧ್ಯಾಹ್ನ ನಾನು ಕೆಲಸದಲ್ಲಿದ್ದೆ, ಅತ್ತೆ ಅಂಗಡಿಗೆ ಹೋಗಿದ್ದರು, ಮಾವ ಒಳಗೆ ಮಲಗಿದ್ದರು. ಗಾರೆಯವನನ್ನು ಕರೆತಂದು ಬಾಗಿಲ ಮುಂದಿನ ಮೆಟ್ಟಿಲು ಒಡೆಸಿದ್ದಾನೆ. ಕೇಳಿದವರಿಗೆ 'ರಿಪೇರಿ' ಎಂದನಂತೆ. ಮಲಗಿದ್ದ ಮಾವನಿಗೆ ಸದ್ದು ಕೇಳಿದೆ, ಬೀದಿಯಲ್ಲಿ ಎಲ್ಲೋ ಕೆಲಸ ನಡೆಯುತ್ತಿದೆ ಅಂದುಕೊಂಡಿದ್ದಾರೆ. ಎದ್ದು ಎಂದಿನಂತೆ ಗೋಡೆ ಹಿಡಿದು ಬಂದು, ಎಂದಿನಂತೆ ಬಾಗಿಲು ತೆಗೆದು, ಎಂದಿನಂತೆ ಕಾಲಿಟ್ಟಿದ್ದಾರೆ.

ಮೆಟ್ಟಿಲಿರಲಿಲ್ಲ.

ನಾನು ಓಡಿ ಬರುವಷ್ಟರಲ್ಲಿ ಅತ್ತೆ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಇಟ್ಟಿಗೆ ಚೂರುಗಳ ನಡುವೆ ಕೂತಿದ್ದರು. ಬಲಗೈಯ ಮಣಿಕಟ್ಟು ಊದಿ ದಪ್ಪಗಾಗಿತ್ತು. ಹೆಣೆಯುವ ಕೈ ಅದು, ಗೋಡೆಯನ್ನು ಓದುವ ಕೈಯೂ ಅದೇ. ಮಾವ ನೋವಿಗೆ ಅಳಲಿಲ್ಲ. 'ನಾನು ತಪ್ಪು ಎಣಿಸಿದ್ನಾ? ನನಗೇ ಮರೆತು ಹೋಯ್ತಾ?' ಎಂದು ಕೇಳುತ್ತಲೇ ಇದ್ದರು. ಆ ಪ್ರಶ್ನೆ ಕೇಳಿ ನನಗೆ ಕೊಲ್ಲುವಷ್ಟು ಸಿಟ್ಟು ಬಂತು. ಈ ಮನುಷ್ಯನಿಗೆ ತನ್ನ ಮನೆಯ ಮೇಲಿದ್ದ ಒಂದೇ ಒಂದು ನಂಬಿಕೆಯನ್ನೂ ಆ ಪಾಪಿ ಸುತ್ತಿಗೆಯಲ್ಲಿ ಒಡೆಸಿದ್ದ.

ಚಿಕ್ಕ ಓನರ್ ಎದುರುಗಡೆ ನಿಂತಿದ್ದ. 'ನಾನೇನು ಬೇಕಂತ ಮಾಡಿದ್ನಾ ಆಂಟಿ? ಹೆಂಗೂ ಮನೆ ಬಿಡೋರು ತಾನೆ ನೀವು, ಒಪ್ಕೊಂಡಿದೀರಲ್ಲ,' ಎಂದ.

ನಾನು ಬಾಯಿಗೆ ಬಂದದ್ದೆಲ್ಲ ಬೈದೆ. ಬೀದಿ ಕೊನೆಯವರೆಗೂ ಕೇಳಿಸಿತಂತೆ. ಬೈದು ಮುಗಿಸಿ ಅಭ್ಯಾಸದಿಂದ ಅತ್ತೆಯ ಕಡೆ ತಿರುಗಿದೆ, ಇನ್ನೇನು 'ಹೋಗ್ಲಿ ಬಿಡೇ' ಅನ್ನುತ್ತಾರೆ ಎಂದು. ಅವರು ಗಂಡನ ಕೂದಲಿಂದ ಸುಣ್ಣದ ಪುಡಿ ಕೊಡವುತ್ತಿದ್ದರು.

ಎರಡು ದಿನ ಕಳೆದ ಮೇಲೆ ತಡೆಯಾಜ್ಞೆ ಸಿಕ್ಕಿತು. ಮನೆ ಖಾಲಿ ಮಾಡಿಸಲು ಬಂದ ಕೋರ್ಟಿನ ಅಮೀನ ಅದನ್ನು ನೋಡಿ, ಮೆಟ್ಟಿಲಿಲ್ಲದ ಬಾಗಿಲಿಂದ ಹುಷಾರಾಗಿ ಇಳಿದು ಹೋದ. ಆಮೇಲೆ ಕಾದೆವು. ಬಾಡಿಗೆ ಕೋರ್ಟಿಗೆ ಕಟ್ಟುತ್ತ, ಮಾವನನ್ನು ಕೈಹಿಡಿದು ನಡೆಸುತ್ತ ಕಾದೆವು. ಅವರು ಈಗ ಮನೆಯೊಳಗೂ ಹೆಜ್ಜೆ ಹೆಜ್ಜೆಗೆ ಕಾಲಿನಿಂದ ತಡವುತ್ತಿದ್ದರು. ಒಬ್ಬರೇ ಬಾಗಿಲ ಹತ್ತಿರ ಹೋಗುತ್ತಿರಲಿಲ್ಲ.

ನಮ್ಮೂರಲ್ಲಿ ಮೇಲಿನ ಕೋರ್ಟು ಎಂದರೆ ನಿಜವಾಗಿಯೂ ಮೇಲಿನ ಮಹಡಿ. ಅತ್ತೆ ಮಂಡಿ ಹಿಡಿದುಕೊಂಡು ಹತ್ತಿದರು. ಅಲ್ಲಿನ ನ್ಯಾಯಾಧೀಶರು ವಯಸ್ಸಾದವರು, ಕಿವಿಗೆ ಕೈ ಕೊಟ್ಟು ಕೇಳುವವರು. ಕಿವಿ ಮಂದವಿದ್ದರೂ ಕೇಳಿಸಿಕೊಳ್ಳುವ ಮನಸ್ಸಿದೆಯಲ್ಲ ಎಂದು ನನಗೆ ಸ್ವಲ್ಪ ಸಮಾಧಾನವಾಯಿತು.

'ಆಕೆ ಆಡಿದ ಮಾತು ಏನು? ಅದೇ ಮಾತು ಹೇಳಿ,' ಎಂದು ಚಿಕ್ಕ ಓನರಿನ ವಕೀಲನನ್ನು ಕೇಳಿದರು.

'ಆಯ್ತು ಬಿಡಿ ಅಂದ್ರು ಸ್ವಾಮಿ. ಬಿಡೋದು ಅಂದ್ರೆ ಬಿಡೋದೇ. ಮನೆ ಬಿಡ್ತೀರಾ ಅಂತ ಕೇಳಿದ್ದಕ್ಕೆ ಕೊಟ್ಟ ಉತ್ತರ.'

ನಮ್ಮ ವಕೀಲಮ್ಮ ಎದ್ದರು. 'ಒಪ್ಪಿದ್ರೆ ಬಿಡ್ತೀನಿ ಅಂತಿದ್ರು ಸ್ವಾಮಿ. ಅವರು ಅಂದಿದ್ದು ಬಿಡಿ ಅಂತ. ಅದು ಎದುರಿಗಿದ್ದೋರಿಗೆ ಹೇಳೋ ಮಾತು. ಆ ಮಾತಿನ ಪ್ರಕಾರ ಯಾರಾದ್ರೂ ಏನಾದ್ರೂ ಬಿಡಬೇಕಿದ್ರೆ, ಅವತ್ತು ಇವರೇ ಬಿಡಬೇಕಿತ್ತು.'

ನ್ಯಾಯಾಧೀಶರು ತಲೆದೂಗಲೂ ಇಲ್ಲ, ನಗಲೂ ಇಲ್ಲ. ಮುಂದಿನ ಹಾಳೆ ತಿರುವಿ, 'ಅಪೀಲು ಹಾಕಿದ ಮೇಲೆ ಮೆಟ್ಟಿಲು ಒಡೆದಿದೀರಿ. ಕಣ್ಣಿಲ್ಲದವರು ಬಿದ್ದಿದಾರೆ. ಯಾಕೆ ಒಡೆದ್ರಿ?' ಎಂದರು.

ಚಿಕ್ಕ ಓನರಿನ ವಕೀಲ ಒಮ್ಮೆ ಕಕ್ಷಿದಾರನ ಮುಖ ನೋಡಿದ. 'ಅದು ಸಣ್ಣ ರಿಪೇರಿ ಸ್ವಾಮಿ. ಈ ಕೇಸಿಗೆ ಸಂಬಂಧ ಇಲ್ಲ. ಅದು ಹೋಗ್ಲಿ ಬಿಡಿ.'

ನ್ಯಾಯಾಧೀಶರು ಕಿವಿಯಿಂದ ಕೈ ತೆಗೆದರು. 'ನಿಮ್ಮ ಕಕ್ಷಿದಾರರು ಕೇಸು ಬಿಟ್ಟರು ಅಂತ ಬರೆಸಲಾ?'

'ಸ್ವಾಮಿ?'

'ಬಿಡಿ ಅಂದ್ರಲ್ಲ. ಬಿಡೋದು ಅಂದ್ರೆ ಬಿಡೋದೇ ಅಂತ ಈಗಿನ್ನೂ ಹೇಳಿದ್ರಿ.'

ಕೋರ್ಟಿಗೆ ಕೋರ್ಟೇ ನಕ್ಕಿತು. ಟೈಪಿಸ್ಟ್ ಕೂಡ ಬಾಯಿಗೆ ಕೈ ಅಡ್ಡ ಹಿಡಿದ. ನನಗೆ ನಗು ಬರಲಿಲ್ಲ. ಒಬ್ಬ ವಕೀಲನ ಬಾಯಿಂದ ಬಂದಾಗ ಎಲ್ಲರಿಗೂ ತಕ್ಷಣ ಅರ್ಥವಾದ ಮಾತು, ನಮ್ಮತ್ತೆಯ ಬಾಯಿಂದ ಬಂದಾಗ ಒಬ್ಬರಿಗೂ ಅರ್ಥವಾಗಲಿಲ್ಲವಲ್ಲ. ಈ ನಗುವಿಗಾಗಿ ನಮ್ಮ ಮಾವ ಬೀಳಬೇಕಿತ್ತೇ?

ಗಾಳಿ ಬದಲಾದದ್ದು ಚಿಕ್ಕ ಓನರಿಗೆ ತಿಳಿಯಿತು. ತಾನೇ ಮುಂದೆ ಬಂದು ಕೈಮುಗಿದ. 'ರಾಜಿ ಮಾಡ್ಕೋತೀವಿ ಸ್ವಾಮಿ. ಇನ್ನಾರು ತಿಂಗಳು ಇರಲಿ. ಸಾಮಾನು ಸಾಗಿಸೋ ಖರ್ಚೂ ನಂದೇ. ಆಂಟಿ, ನಿಮ್ಮ ಮನೇಲೇ ಆಡಿ ಬೆಳೆದೋನು ನಾನು. ದೊಡ್ಡ ಮನಸ್ಸು ಮಾಡಿ.'

ನಮ್ಮತ್ತೆಯ ಹತ್ತಿರ ದೊಡ್ಡ ಮನಸ್ಸು ಕೇಳುವುದೆಂದರೆ ಬಾವಿಯ ಹತ್ತಿರ ನೀರು ಕೇಳಿದ ಹಾಗೆ. ವಕೀಲಮ್ಮ ನನ್ನ ಕಡೆ ತಿರುಗಿ ನೋಡಿದರು. ರಾಜಿಗೆ ಒಪ್ಪಿದರೆ ಆಮೇಲೆ ಯಾವ ಮಹಡಿ ಹತ್ತಿದರೂ ಪ್ರಯೋಜನವಿಲ್ಲ ಎಂದು ಅವರು ಮೊದಲೇ ಹೇಳಿದ್ದರು.

'ಏನಮ್ಮ,' ಎಂದರು ನ್ಯಾಯಾಧೀಶರು, 'ಯಾರೂ ಬಲವಂತ ಮಾಡಲ್ಲ. ನಿಧಾನಕ್ಕೆ ಯೋಚನೆ ಮಾಡಿ ಹೇಳಿ. ಮನೆ ಬಿಡ್ತೀರಾ?'

ಅತ್ತೆ ಎದ್ದು ನಿಂತರು. ಚಿಕ್ಕ ಓನರಿನ ಮುಖವನ್ನೇ ನೋಡಿದರು, ಅವನು ಕಣ್ಣು ತಗ್ಗಿಸುವವರೆಗೂ.

'ಬಿಡಲ್ಲ.'

'ಜೋರಾಗಿ ಹೇಳಿ.'

'ಬಿಡಲ್ಲ ಸ್ವಾಮಿ. ಮನೆ ಬಿಡಲ್ಲ. ನಮ್ಮ ಮನೆಯವರನ್ನ ಬೀಳಿಸಿದ್ದನ್ನೂ ಬಿಡಲ್ಲ. ನಾನು ಸುಳ್ಳು ಹೇಳ್ತೀನಿ ಅಂದ್ರಲ್ಲ, ಅದನ್ನಂತೂ ಸಾಯೋ ತನಕ ಬಿಡಲ್ಲ.' ದನಿ ಕೊನೆಯ ಬೆಂಚಿನವರೆಗೂ ಕೇಳಿಸಿತು. ನಮ್ಮ ಮನೆಯಲ್ಲಿ ಮೈಕು ನಾನೊಬ್ಬಳೇ ಅಲ್ಲ ಎಂದು ಆ ದಿನ ಗೊತ್ತಾಯಿತು.

'ಆಕೆ ಹೇಳಿದ ಹಾಗೇ ಬರೀರಿ, ಬರೆದು ಓದಿ ಹೇಳಿ,' ಎಂದರು ನ್ಯಾಯಾಧೀಶರು. ಟೈಪಿಸ್ಟ್ ಓದಿದ. ಅತ್ತೆ ಸಹಿ ಮಾಡಿದರು.

ಕೆಳಗಿನ ಕೋರ್ಟಿನ ತೀರ್ಪು ರದ್ದಾಯಿತು. ಒಪ್ಪಿಗೆ ಎಂಬುದೇ ಇರಲಿಲ್ಲವಾದ್ದರಿಂದ ಕೇಸನ್ನು ಮೊದಲಿನಿಂದ ವಿಚಾರಣೆ ಮಾಡಬೇಕು, ಅಲ್ಲಿಯವರೆಗೆ ನಾವು ಮನೆಯಲ್ಲೇ ಇರಬಹುದು, ಓನರ್ ತನ್ನ ಖರ್ಚಿನಲ್ಲಿ ಮೆಟ್ಟಿಲನ್ನು ಮೊದಲಿದ್ದಂತೆಯೇ ಕಟ್ಟಿಸಿಕೊಡಬೇಕು. ಪೂರ್ತಿ ಗೆಲುವಲ್ಲ ಇದು, ಜಗಳ ಇನ್ನೂ ಇದೆ ಎಂದು ವಕೀಲಮ್ಮ ಎಚ್ಚರಿಸಿದರು. ಇರಲಿ, ಜಗಳಕ್ಕೆ ನಮ್ಮನೆಯಲ್ಲಿ ಈಗ ಇಬ್ಬರಿದ್ದೇವೆ.

ಗಾರೆಯವನು ಬಂದು ಮೆಟ್ಟಿಲು ಕಟ್ಟಿ ಹೋದ. ಸಿಮೆಂಟು ಒಣಗಿದ ಮೇಲೆ ಅತ್ತೆ ಮಾವನನ್ನು ಬಾಗಿಲವರೆಗೆ ಕರೆತಂದು ಕೈಬಿಟ್ಟರು. ಮಾವ ಬಾಗಿಲ ಚೌಕಟ್ಟು ಹಿಡಿದು ಬಹಳ ಹೊತ್ತು ನಿಂತರು. ಆಮೇಲೆ ಕಾಲು ಕೆಳಗೆ ಬಿಟ್ಟರು. ಪಾದ ಅಂದುಕೊಂಡದ್ದಕ್ಕಿಂತ ಮೊದಲೇ ಮೆಟ್ಟಿಲಿಗೆ ತಾಗಿತು. ಒಂದು ಕ್ಷಣ ತೂಗಾಡಿ ಸಾವರಿಸಿಕೊಂಡರು.

'ಒಂದು ಬೆರಳು ಎತ್ತರ ಆಗಿದೆ,' ಎಂದರು. ಅತ್ತೆಯನ್ನು ಸಮಾಧಾನ ಮಾಡುವಂತೆ ನಕ್ಕು, 'ಅಭ್ಯಾಸ ಮಾಡ್ಕೋತೀನಿ. ಹೋಗ್ಲಿ ಬಿಡೇ,' ಎಂದರು.

'ಯಾಕ್ರೀ ಬಿಡಬೇಕು?' ಎಂದರು ಅತ್ತೆ. 'ಮೊದಲಿದ್ದ ಹಾಗೇ ಅಂತ ಬರೆದಿದೆ.' ನನ್ನ ಕಡೆ ಕೈ ಚಾಚಿದರು. 'ಫೋನ್ ಕೊಡೇ ಇಲ್ಲಿ. ಆ ಚಿಕ್ಕ ಓನರ್ ಹುಡುಗನ ನಂಬರು ಒತ್ತಿಕೊಡು.'